ಮುಜಂಟಿ ಜೇನಿಗೊಂದು ಪಂಪು

ಮೊನ್ನೆ ಭಾನುವಾರ ಗೇಟಿನ ಹತ್ತಿರ ಪಿಕಪ್ ನಿಂತ ಸದ್ದು ಕೇಳಿದ್ದೇ ತಡ, ನನ್ನ ಗಂಡ ಮಹೇಶ ಓಡಿಹೋಗಿ ಊಟದ ಮೇಜಿನ ಮೇಲಿದ್ದ ಒಂದು ವಸ್ತುವಿಗೆ ಹೆಗಲ ಮೇಲಿನ ಬೈರಾಸು ಹೊದೆಸಿದ.

ಬಾಂಬು ಅಲ್ಲ. ಬಾಟಲಿಯೂ ಅಲ್ಲ (ಅವನಿಗೆ ಆ ಅಭ್ಯಾಸ ಇದ್ದಿದ್ದರೆ ಇಷ್ಟರಲ್ಲೇ ಈ ಅಂಕಣದಲ್ಲಿ ನೀವು ಓದಿರುತ್ತಿದ್ದಿರಿ). ಅದೊಂದು ಬ್ರೆಸ್ಟ್ ಪಂಪ್. ಹೌದು, ಸರಿಯಾಗಿಯೇ ಓದಿದಿರಿ. ಕೆಲಸಕ್ಕೆ ಹೋಗುವ ತಾಯಂದಿರು ಮಗುವಿಗಾಗಿ ಹಾಲು ತೆಗೆದಿಡುವ ಕೈಪಂಪು. ನನ್ನದೇ.

ಅದು ಊಟದ ಮೇಜಿಗೆ ಹೇಗೆ ಬಂತು? ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಅತ್ತೆಯ ಮುಜಂಟಿಗಳ ಪರಿಚಯ ಆಗಬೇಕು.

ಮುಜಂಟಿ ಅಂದರೆ ಚುಚ್ಚಲು ಮುಳ್ಳಿಲ್ಲದ, ಇರುವೆಯಷ್ಟೇ ಇರುವ ಪುಟಾಣಿ ಜೇನು. ಗೋಡೆಯ ತೂತು, ಸ್ವಿಚ್ ಬೋರ್ಡ್, ಕರೆಂಟಿನ ಮೀಟರ್ ಪೆಟ್ಟಿಗೆ, ಎಲ್ಲಿ ಸಂದು ಸಿಕ್ಕಿದರೂ ಸಂಸಾರ ಹೂಡುತ್ತದೆ. ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಅತ್ತೆ ಅವುಗಳನ್ನು ಮಣ್ಣಿನ ಮಡಕೆಗಳಲ್ಲಿ ಸಾಕಿದ್ದಾರೆ. ಜೇನು ಸಿಗುವುದು ಸ್ವಲ್ಪ, ರುಚಿ ಹುಳಿಸಿಹಿ, ಹೆಸರು ಮಾತ್ರ ದೊಡ್ಡದು. ಗಂಟಲು ಕಟ್ಟಿದ ಭಾಗವತರಿಂದ ಹಿಡಿದು ಕೆಮ್ಮುವ ಕಂಡಕ್ಟರನವರೆಗೆ ಎಲ್ಲರೂ ಅತ್ತೆಯ ಬಾಟಲಿಯನ್ನು ಹುಡುಕಿಕೊಂಡು ಬರುತ್ತಾರೆ. ದೇವಸ್ಥಾನದ ಅಭಿಷೇಕಕ್ಕೂ ಒಂದು ಬಾಟಲಿ ಹೋಗುತ್ತದೆ.

ಆದರೆ ಈ ಜೇನು ತೆಗೆಯುವುದೇ ಒಂದು ಹಿಂಸೆ. ಮುಜಂಟಿ ಪೆಟ್ಟಿಗೆಜೇನಿನ ಹಾಗೆ ಅಚ್ಚುಕಟ್ಟಾಗಿ ಮೇಣದ ಎರಿ ಕಟ್ಟುವುದಿಲ್ಲ. ದ್ರಾಕ್ಷಿ ಗೊಂಚಲಿನಂತೆ ಮೇಣದ ಸಣ್ಣ ಸಣ್ಣ ಗುಳ್ಳೆ ಮಾಡಿ ಅದರೊಳಗೆ ಜೇನು ತುಂಬಿಸುತ್ತದೆ. ಪಕ್ಕದಲ್ಲೇ ಮೊಟ್ಟೆ, ಮರಿ. ಮಡಕೆ ಬಿಚ್ಚಿ, ಕೈಹಾಕಿ, ಬಾಚಿ, ಬಟ್ಟೆಯಲ್ಲಿ ಹಿಂಡಬೇಕು. ಹಿಂಡುವಾಗ ಮರಿಗಳೂ ಹೋದವು. ಚೆಲ್ಲಿದ ಜೇನಿನ ವಾಸನೆಗೆ ಇರುವೆ ಬಂತು. ಆಮೇಲೆ ಒಂದು ದಿನ ನೋಡಿದರೆ ಮಡಕೆ ಖಾಲಿ.

ಹೀಗೆ ಅತ್ತೆಯ ಅರ್ಧಕ್ಕರ್ಧ ಮಡಕೆಗಳು ಖಾಲಿಯಾದವು. ಈ ಬೇಸಗೆಯಲ್ಲಿ ಅವರು ಒಂದು ತೀರ್ಮಾನಕ್ಕೆ ಬಂದರು. ಕಾರಡ್ಕದ ಶೀನಣ್ಣ ಎಂಬ ಜೇನುಕೃಷಿಕರಿಗೆ ಫೋನ್ ಮಾಡಿ, ಭಾನುವಾರ ಬಂದು ಉಳಿದ ಮಡಕೆಗಳನ್ನೆಲ್ಲ ಕೊಂಡುಹೋಗಿ ಎಂದುಬಿಟ್ಟರು.

“ಎಂತಕ್ಕೆ ಅತ್ತೆ? ಜೇನು ತೆಗೆಯದಿದ್ದರಾಯಿತು, ಸುಮ್ಮನೆ ಇರಲಿ” ಎಂದೆ.

“ಕೆಮ್ಮಿಕೊಂಡು ಬಂದವರಿಗೆ ಇಲ್ಲ ಹೇಳ್ಲಿಕ್ಕೆ ನನಗೆ ಆಗುದಿಲ್ಲ. ತೆಗೆದರೆ ಇವು ಸಾಯ್ತವೆ. ಕೊಂದು ಕೊಂದು ಸಾಕಾಯ್ತು ಮಾರಾಯ್ತಿ” ಎಂದವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ನನ್ನ ಅತ್ತೆ ಸುಲಭಕ್ಕೆ ಅಳುವ ಜಾತಿಯಲ್ಲ. (ಅಳಿಸುವ ಜಾತಿ ಎಂದು ಮದುವೆಯಾದ ಹೊಸದರಲ್ಲಿ ಅಂದುಕೊಂಡಿದ್ದೆ, ಅದು ಬೇರೆ ವಿಷಯ.)

ಉಪಾಯ ಇಲ್ಲವೆಂದಲ್ಲ. ಗುಳ್ಳೆಗೆ ತೂತು ಮಾಡಿ ಜೇನನ್ನು ಮಾತ್ರ ಹೀರಿಕೊಳ್ಳುವ ಮಿಷನ್ ಒಂದನ್ನು ಅತ್ತೆ ಕೃಷಿಭವನದ ತರಬೇತಿಯಲ್ಲಿ ನೋಡಿ ಬಂದಿದ್ದರು. ಗುಳ್ಳೆ ಒಡೆಯುವುದಿಲ್ಲ, ಮರಿ ಸಾಯುವುದಿಲ್ಲ, ಖಾಲಿ ಗುಳ್ಳೆಗೆ ಅವೇ ಮತ್ತೆ ಜೇನು ತುಂಬಿಸುತ್ತವೆ. ಬೆಲೆ ಕೇಳಿದ ಮೇಲೆ ಅತ್ತೆ ಅದರ ಫೋಟೊ ಮಾತ್ರ ತೆಗೆದುಕೊಂಡು ಬಂದರು. ಅಂಗಳದಲ್ಲಿ ನಾಲ್ಕು ಮಡಕೆ ಇಟ್ಟುಕೊಂಡವರಿಗೆ ಅಷ್ಟು ದೊಡ್ಡ ಮಿಷನ್ ಮಾರಲು ಹೊರಡುವವರ ಧೈರ್ಯವನ್ನು ಮೆಚ್ಚಬೇಕು!

ಮಹೇಶನೊಳಗಿನ ಇಂಜಿನಿಯರ್ ಎದ್ದು ಕುಳಿತ. ಸೈಕಲ್ ಪಂಪಿನ ವಾಷರನ್ನು ತಿರುವಿಹಾಕಿದರೆ ಗಾಳಿ ಊದುವ ಬದಲು ಹೀರುತ್ತದೆ ಎಂದ. ವಾಷರನ್ನೇನೋ ತಿರುವಿದ, ಇನ್ನೇನನ್ನೋ ಮರೆತ. ಒಂದೇ ಒತ್ತಿಗೆ ಜೇನುತುಪ್ಪ ನೇರ ಮಾಡಿನ ಹಂಚಿಗೆ ಚಿಮ್ಮಿತು. ಮುಜಂಟಿ ಚುಚ್ಚುವುದಿಲ್ಲ ನಿಜ, ಆದರೆ ಹುಬ್ಬು, ಕಿವಿ, ತಲೆಕೂದಲು ಎಲ್ಲ ಹೊಕ್ಕು ಕಡಿಯುತ್ತದೆ. ಇಂಜಿನಿಯರ್ ಬಾವಿಕಟ್ಟೆಗೆ ಓಡಿದ.

ನಾನು ಇಂಜೆಕ್ಷನ್ ಸಿರಿಂಜ್ ತಂದೆ. ಜೇನು ಬಂತು, ಆದರೆ ಹನಿ ಹನಿ. ಹೆಬ್ಬೆರಳು ಮರಗಟ್ಟಿತು. ಈ ಲೆಕ್ಕದಲ್ಲಿ ಒಂದು ಮಡಕೆ ಮುಗಿಯುವಾಗ ಮಳೆಗಾಲ ಸುರುವಾಗುತ್ತಿತ್ತು.

ಶನಿವಾರ ಕಪಾಟಿನಲ್ಲಿ ಏನೋ ಹುಡುಕುವಾಗ ಪಂಪು ಕೈಗೆ ಸಿಕ್ಕಿತು. ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ, ಅದಕ್ಕೆ ಕೆಲಸವಿಲ್ಲ. ಸುಮ್ಮನೆ ಹಿಡಿಕೆ ಒತ್ತಿದೆ. ಪಂಪಿನ ಬಾಯಿಗೆ ಅಡ್ಡ ಇಟ್ಟ ಅಂಗೈಯನ್ನು ಅದು ಗಪ್ಪೆಂದು ಎಳೆದುಕೊಂಡಿತು. ಅರೆ! ಹೀರುವುದಕ್ಕೆಂದೇ ಹುಟ್ಟಿದ ಯಂತ್ರ ಮನೆಯೊಳಗೇ ಇದೆಯಲ್ಲ!

ನೀರಲ್ಲಿ ಚೆನ್ನಾಗಿ ಕುದಿಸಿದೆ. ಮೆಡಿಕಲ್ ಶಾಪಿನಿಂದ ಡ್ರಿಪ್ ಹಾಕುವ ಹೊಸ ಟ್ಯೂಬ್ ತಂದು ಪಂಪಿನ ಬಾಯಿಗೆ ಸಿಕ್ಕಿಸಿದೆ. ಒತ್ತಿದರೆ ಬರೀ ಪುಸ್ ಪುಸ್. ಸಂದಿನಲ್ಲಿ ಗಾಳಿ ಸೋರುತ್ತಿತ್ತು. ಸೆಲೊ ಟೇಪ್ ಸುತ್ತಿದೆ, ರಬ್ಬರ್ ಬ್ಯಾಂಡ್ ಬಿಗಿದೆ. ಪುಸ್.

ಅಷ್ಟು ಹೊತ್ತು ದೂರ ನಿಂತು ನೋಡುತ್ತಿದ್ದ ಅತ್ತೆ ಹತ್ತಿರ ಬಂದರು. “ಮುಜಂಟಿಯದ್ದೇ ಮೇಣ ಉಂಟಲ್ಲ, ಅದು ಹಚ್ಚಿದರೆ ಆಗುದಿಲ್ಲವಾ?” ಎಂದು ಖಾಲಿ ಮಡಕೆಯಿಂದ ಅಂಟು ಅಂಟಾದ ಕಪ್ಪು ಮೇಣ ಕೆರೆದು, ಬೆರಳಲ್ಲಿ ನಾದಿ, ಸಂದಿಗೆ ಮೆತ್ತಿದರು.

ಒತ್ತಿದೆ. ಟ್ಯೂಬಿನೊಳಗೆ ಹೊಂಬಣ್ಣದ ಗೆರೆಯೊಂದು ಏರಿತು, ತಿರುಗಿತು, ಬಾಟಲಿಗೆ ಇಳಿಯಿತು. ಕಸವಿಲ್ಲ, ಮರಿಯಿಲ್ಲ, ಕನ್ನಡಿಯಂಥ ಜೇನು! ಒಂದಾದ ಮೇಲೊಂದು ಗುಳ್ಳೆ ಬರಿದಾಯಿತು, ಒಂದೂ ಒಡೆಯಲಿಲ್ಲ. ಅತ್ತೆ ಮಡಕೆಯೊಳಗೆ ಬಗ್ಗಿ ನೋಡಿ, “ಮರಿಗಳು ಎಲ್ಲ ಸರೀ ಉಂಟು!” ಎಂದು ಕೂಗಿದರು. ನಾವಿಬ್ಬರೂ ಅಂಗಳದಲ್ಲಿ ಕೈಹಿಡಿದು ಕುಣಿಯುವುದೊಂದು ಬಾಕಿ.

ಇಷ್ಟಾದ ಮೇಲೆ ಬಂದದ್ದು ಆ ಭಾನುವಾರ, ಪಿಕಪ್, ಬೈರಾಸು.

“ಮಡಕೆ ಕೊಡುದಿಲ್ಲ ಶೀನಣ್ಣ. ನಮಗೆ ಮಿಷನ್ ಸಿಕ್ಕಿತು” ಎಂದು ಅತ್ತೆ ಬಾಗಿಲಲ್ಲೇ ಘೋಷಿಸಿದರು. ಬಂದವರು ನಿರಾಸೆ ನುಂಗಿಕೊಂಡು, ಮಿಷನ್ನನ್ನಾದರೂ ತೋರಿಸಿ ಎಂದರು.

“ಅದು... ಒಂದು ವ್ಯಾಕ್ಯೂಮ್ ಟೆಕ್ನಾಲಜಿ” ಎಂದು ಮಹೇಶ ಮೇಜಿಗೆ ಅಡ್ಡ ನಿಂತ.

ಅತ್ತೆ ಮಗನನ್ನು ಪಕ್ಕಕ್ಕೆ ಸರಿಸಿ ಬೈರಾಸು ಎಳೆದರು. “ಎಂತ ಟೆಕ್ನಾಲಜಿ? ಬಾಣಂತಿಯರು ಹಾಲು ತೆಗೆಯುವ ಪಂಪು. ನಮ್ಮ ಸೊಸೆಯದ್ದು.”

ಮಹೇಶ ಫ್ಯಾನ್ ನೋಡಿದ. ಶೀನಣ್ಣ ನೆಲ ನೋಡಿದರು. ನಾನು? ನಾನೂ ಒಂದು ಕ್ಷಣ ಕಿಟಕಿ ನೋಡಿದೆ. ಈ ಪಂಪನ್ನು ಚೀಲದ ತಳದಲ್ಲಿ ಅಡಗಿಸಿ ಶಾಲೆಗೆ ಒಯ್ದು, ಸ್ಟಾಫ್ ರೂಮಿನ ಕಪಾಟಿನ ಮರೆಯಲ್ಲಿ ಕಳ್ಳಿಯಂತೆ ಕೂತು ಹಾಲು ತೆಗೆದ ದಿನಗಳು ನೆನಪಾದವು. ತೆಗೆದದ್ದು ನನ್ನ ಮಗುವಿನ ಊಟ. ಅದಕ್ಕೆ ಯಾಕೆ ಅಷ್ಟು ಅಂಜಿದ್ದೆ?

ಶೀನಣ್ಣ ಮೆಲ್ಲ ಕೇಳಿದರು, “ಅಮ್ಮ, ಇದರಲ್ಲಿ ತೆಗೆದ ಜೇನು ದೇವರ ಅಭಿಷೇಕಕ್ಕೆ ಆಗ್ತದಾ?”

“ದನದ ಹಾಲು ಆಗ್ತದೆ. ಹೆತ್ತವಳ ಹಾಲು ಮುಟ್ಟಿದ್ದು ಆಗುದಿಲ್ಲವಾ? ಇವಳು ಶಾಲೆಗೆ ಹೋದಾಗ ಇದರಲ್ಲಿ ತೆಗೆದಿಟ್ಟ ಹಾಲು ಕುಡಿಸಿ ಮಗು ಸಾಕಿದ್ದು ನಾನು. ಅದಕ್ಕಿಂತ ಮಡಿ ಎಂತ ಉಂಟು?”

ಎದ್ದು ನಿಂತು ಅತ್ತೆಗೊಂದು ಚಪ್ಪಾಳೆ ಹೊಡೆಯಬೇಕೆಂದು ನನಗನಿಸಿತು. ಶೀನಣ್ಣ ಒಂದು ಚಮಚ ಜೇನು ನೆಕ್ಕಿ, ಇನ್ನೊಂದು ಕೇಳಿ, ಖಾಲಿ ಪಿಕಪ್ಪಿನಲ್ಲಿ ವಾಪಸಾದರು. ಸಂಜೆ ಅವರ ಹೆಂಡತಿಯ ಫೋನು: “ಟೀಚರೇ, ಮಗಳದ್ದೊಂದು ನಮ್ಮ ಅಟ್ಟದಲ್ಲಿ ಉಂಟು. ಟ್ಯೂಬ್ ಯಾವ ಸೈಜಿನದ್ದು?” ಆಮೇಲೆ ಪೈವಳಿಕೆಯಿಂದ ಒಬ್ಬರು, ಅಗಲ್ಪಾಡಿಯಿಂದ ಇನ್ನೊಬ್ಬರು. ಎಲ್ಲರ ಅಟ್ಟದಲ್ಲೂ ಒಂದೊಂದು ಇತ್ತು!

ರಾತ್ರಿ ಊಟಕ್ಕೆ ಕೂತಾಗ ಮಹೇಶ ಗಂಟಲು ಸರಿಮಾಡಿಕೊಂಡ. “ಅಲ್ಲ ಅಮ್ಮ, ನಾಳೆ ನಮಗೆ ಎರಡನೇ ಮಗು ಆದರೆ ಪಂಪು ಬೇಕಲ್ಲ?”

ಅತ್ತೆ ತಲೆ ಎತ್ತಲೂ ಇಲ್ಲ. “ಹೊಸತು ತೆಕ್ಕೊಳ್ಳಿ. ಇದು ಇನ್ನು ನನ್ನ ಮುಜಂಟಿಗೆ.”