ಏಟು ಬರೆದವನ ಹೊಟ್ಟೆಕಿಚ್ಚು

ಈ ಪೇದೆಗೆ ಪೊಲೀಸ್ ಇಲಾಖೆ ಒಂದು ಬಡ್ತಿ ಬಾಕಿ ಉಳಿಸಿಕೊಂಡಿದೆ. ಅದು ಹೋಗಿ ಕೂತಿರುವುದು ಅವನ ಷಡ್ಡಕನ ತೋಳಿನ ಮೇಲೆ. ಅಕ್ಕನ ಗಂಡ ಇವನು, ತಂಗಿಯ ಗಂಡ ಅವನು. ಇಬ್ಬರಿಗೂ ಒಂದೇ ಠಾಣೆ.

ಪೇದೆ ಸಾಧುವೇನಲ್ಲ. ಅವನ ಲಾಠಿಯ ರುಚಿ ನಮ್ಮ ಕಾರ್ಮಿಕ ಸಂಘದವರ ಬೆನ್ನಿಗೂ ಗೊತ್ತು. ಆದರೆ ಬಲಪ್ರಯೋಗ ಮಾಡಿದರೆ ಠಾಣೆಯ ಪುಸ್ತಕದಲ್ಲಿ ಬರೆದಿಡಬೇಕೆಂಬ ಆದೇಶ ಬಂದ ಮೇಲೆ, ಯಾರಿಗೆ ಹೊಡೆದೆ, ಯಾಕೆ ಹೊಡೆದೆ ಎಂದು ಬಿಡದೆ ಬರೆಯುತ್ತಿದ್ದ. ಷಡ್ಡಕ ಹೊಡೆದು, ಕೈ ತೊಳೆದು, ಟೀ ಕುಡಿಯುತ್ತಿದ್ದ. ಪೌರಕಾರ್ಮಿಕರ ಮೆರವಣಿಗೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಲಾಠಿ ಬೀಸಿದರು. ದಾಖಲಾದದ್ದು ಒಬ್ಬನ ಏಟು ಮಾತ್ರ.

ಬಡ್ತಿಯ ಹೊತ್ತಿಗೆ ಇನ್ಸ್‌ಪೆಕ್ಟರ್ ಆ ಪುಸ್ತಕದ ಪುಟ ತಿರುವಿದರು. "ಏನಯ್ಯಾ, ಠಾಣೆ ಹೊಡೆತವೆಲ್ಲ ನಿನ್ನೊಬ್ಬಂದೇನಾ? ನಿನ್ನ ಷಡ್ಡಕನ್ನ ನೋಡು, ಹಸು!"

"ಹಸು ಒದೆಯೋದನ್ನ ನೀವು ನೋಡಿಲ್ಲ ಸಾರ್," ಎಂದ ಪೇದೆ.

ಷಡ್ಡಕ ಹೆಡ್ ಕಾನ್‌ಸ್ಟೇಬಲ್ ಆದ. ಅತ್ತೆ ಮನೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಅವನಿಗೆ, ಬಾಗಿಲ ಪಕ್ಕದ ಸ್ಟೂಲು ಇವನಿಗೆ. "ಅಣ್ಣಾ, ಒಂದ್ ಲೋಟ ನೀರು ಕೊಡಿ," ಎಂದು ಅವನು ಕೂತಲ್ಲಿಂದಲೇ ಹೇಳಿದಾಗ ಇವನ ಹೊಟ್ಟೆಗೆ ಬೆಂಕಿ ಬಿತ್ತು. ನೀರು ಕೊಟ್ಟ. ಲೋಟ ಕುಕ್ಕಿ ಕೊಟ್ಟ.

ಮನೆಗೆ ಬಂದರೆ ಹೆಂಡತಿ ಶುರುಮಾಡಿದಳು. "ನನ್ನ ತಂಗಿ ಗಂಡನ ತೋಳಲ್ಲಿ ಪಟ್ಟಿ ಹೊಳೀತಿದೆ. ನಿಮ್ಮ ತೋಳಲ್ಲೇನಿದೆ, ಬೆವರಿನ ಕಲೆ! ಯಾರ್ ಬರಿ ಅಂದ್ರು ನಿಮಗೆ?"

"ಸರ್ಕಾರ."

"ಹಾಗಾದ್ರೆ ಊಟಾನೂ ಸರ್ಕಾರದ ಹತ್ರಾನೇ ಕೇಳಿ."

ಅಲ್ಲಿಗೆ ಅವನ ಪೆನ್ನು ನಿಂತಿತು. ಮುಂದಿನ ವಾರ ಟೆಂಪೊ ಚಾಲಕನೊಬ್ಬನ ಕೈ ತಿರುಚಿದಾಗ ಮಣಿಕಟ್ಟು ಮುರಿಯಿತು. ಪೇದೆ ಒಂದಕ್ಷರ ಬರೆಯಲಿಲ್ಲ. ಚಾಲಕನ ದೂರಿಗೆ ಬಂದ ಉತ್ತರ: ಬಲಪ್ರಯೋಗ ನಡೆದ ದಾಖಲೆಯಿಲ್ಲ. ಸ್ಟಿಯರಿಂಗ್ ಹಿಡಿಯಲಾರದೆ ಅವನೀಗ ಮನೆಯಲ್ಲಿದ್ದಾನೆ. ಪೇದೆಯ ಹೆಸರು ಮುಂದಿನ ಬಡ್ತಿಗೆ ಹೋಗಿದೆ.

"ಯಾಕಪ್ಪಾ ಬರೀಲಿಲ್ಲ?" ಎಂದು ನಾನೇ ಹೋಗಿ ಪೇದೆಯನ್ನು ಕೇಳಿದೆ.

"ಬರೀತಿದ್ದಾಗ ನಿಮ್ಮಲ್ಲಿ ಒಬ್ರಾದ್ರೂ ನನ್ನ ಪರ ಬಂದ್ರಾ? ಷಡ್ಡಕ ಮುಚ್ಚಿಟ್ಟು ಮೇಲೇರಿದ. ನಾನೇನು ಕಲ್ಲಾ?"

ಮುರಿದ ಕೈಗೆ ಇದು ಉತ್ತರವಲ್ಲ. ಸುಳ್ಳೂ ಅಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ, ನಿಮ್ಮ ಠಾಣೆಗೆ ಹೋಗಿ. ಪೊಲೀಸರ ಏಟು ತಿಂದು ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಠಾಣೆಯ ಲೆಕ್ಕದ ಪಕ್ಕ ಇಟ್ಟು ತೋರಿಸಿ ಅನ್ನಿ. ಬರೆದವನನ್ನು ಬರೆದದ್ದಕ್ಕೇ ತುಳಿಯಬೇಡಿ, ಬಚ್ಚಿಟ್ಟವನನ್ನು ಹಿಡಿಯಿರಿ ಅನ್ನಿ. ನಾಳೆ ಬನ್ನಿ ಅಂದರೆ ಬೆಂಚು ಬಿಟ್ಟು ಏಳಬೇಡಿ. ಯಾವಾಗ ಹೋಗುತ್ತೀರಿ, ಹೇಳಿ.