ಆ ಚೀಟಿ ಯಾರದ್ದು ಎಂದು ಕೇಳಿದ ಮಿಸ್

ಹೋದ ವಾರ ಹಾಸನದ ಸಿಟಿ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಹಿಡಿದರು. ಆ ವಾಸನೆ ಬಂದದ್ದೇ ನಾನು ಎದ್ದು ಬಾಗಿಲ ಬಳಿ ಹೋದೆ. ಮನೆಯ ಸ್ಟಾಪಿಗೆ ಇನ್ನೂ ದೂರವಿರುವಾಗಲೇ ಇಳಿದುಬಿಟ್ಟೆ.

ನಮ್ಮ ಕನ್ನಡ ಮಿಸ್‌ಗೆ ವರ್ಷವಿಡೀ ನೆಗಡಿ. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ನಮ್ಮೂರ ಹೈಸ್ಕೂಲಿಗೆ ಬರುವ ಹೊತ್ತಿಗೆ ಅವರ ಕರ್ಚೀಫು ನೀಲಗಿರಿ ಎಣ್ಣೆಯಲ್ಲಿ ನೆಂದಿರುತ್ತಿತ್ತು. ಪದಗಳ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸಮ ಅಂದರೂ ನ್ಯಾಯ ಅಂದರೂ ಒಂದೇ ಅಲ್ಲವಾ ಎಂದು ನಾನು ಕೇಳಿದ ದಿನ ಪೀರಿಯಡ್ಡು ಪೂರ್ತಿ ಅದಕ್ಕೇ ಹೋಯಿತು. ಎಲ್ಲರ ತಟ್ಟೆಗೂ ಒಂದೊಂದೇ ಮುದ್ದೆ ಇಟ್ಟರೆ ಅದು ಸಮ. ಬಡಿಸುವವಳು ತನ್ನ ಮಗ, ಪಕ್ಕದ ಮನೆ ಮಗ ಎಂದು ನೋಡದಿದ್ದರೆ ನಿಷ್ಪಕ್ಷಪಾತ. ಬೆಳಿಗ್ಗೆಯಿಂದ ಯಾರು ಉಂಡಿಲ್ಲ ಎಂದು ವಿಚಾರಿಸಿ ಬಡಿಸಿದರೆ ನ್ಯಾಯ. ಔದಾರ್ಯ ಬೇರೆ, ಅದು ಅವಳಿಷ್ಟ. ನ್ಯಾಯ ಅವಳಿಷ್ಟ ಅಲ್ಲ, ಅಂದರು.

ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಎದ್ದು, “ಇಚಾರ್ಸಕ್ಕೆ ಟೈಮ್ ಇಲ್ದಿದ್ರೆ ಮಿಸ್?” ಅಂದಳು. ಎಲ್ಲರೂ ನಕ್ಕೆವು. ಮಿಸ್ ನಗಲಿಲ್ಲ.

ಅದಾದ ಎರಡು ತಿಂಗಳಿಗೆ ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ. ಜೆರಾಕ್ಸ್ ಅಂಗಡಿಯಲ್ಲಿ ಅಕ್ಷರ ಚಿಕ್ಕದು ಮಾಡಿಸಿದ ಚೀಟಿಯೊಂದನ್ನು ನಾನು ಅಂಗೈಯಲ್ಲಿ ಇಟ್ಟುಕೊಂಡಿದ್ದೆ. ಮಿಸ್ ನಮ್ಮ ಸಾಲಿನತ್ತ ತಿರುಗಿದಾಗ ಕೈ ಬೆವರಿ ಅದು ಜಾರಿ, ಗೆಳತಿಯ ಕಾಲ ಹತ್ತಿರ ಬಿತ್ತು. ಮಿಸ್ ಎತ್ತಿಕೊಂಡರು. ಯಾರದ್ದು ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಪ್ರಶ್ನೆಪತ್ರಿಕೆ ನೋಡಿದೆ...

“ನಾನು ಕಣ್ಣಾರೆ ಕಂಡಿಲ್ಲ. ಒಬ್ಬರ ಮೇಲೆ ಹಾಕೋದು ತಪ್ಪಾಗುತ್ತೆ. ಇಬ್ಬರೂ ಅಪ್ಪಂದಿರನ್ನ ಕರೆದುಕೊಂಡು ಬನ್ನಿ,” ಅಂದರು.

ನನ್ನ ಅಪ್ಪ ಬಂದು, ಹೆಡ್‌ಮಾಸ್ಟರ ಜೊತೆ ಕಾಫಿ ಕುಡಿದು, ಬುದ್ಧಿ ಹೇಳುತ್ತೇನೆ ಎಂದು ಹೋದರು. ಅಷ್ಟೇ. ಅವಳ ಅಪ್ಪ ವರಾಂಡದಲ್ಲೇ ಚಪ್ಪಲಿ ಬಿಟ್ಟು, ಒಳಗೂ ಬಾರದೆ, ಪರೀಕ್ಷೆಯಲ್ಲಿ ಕಾಪಿ ಎಂಬ ಮಾತನ್ನು ಕೇಳಿಸಿಕೊಂಡರು. ಮಾರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಮಿಸ್ ಅವಳ ಮನೆಗೆ ಹೋದರು. ಎರಡನೇ ಸಲ ಹೋಗುವಾಗ ಜೊತೆಗೆ ನನ್ನನ್ನೇ ಕರೆದುಕೊಂಡು ಹೋದರು.

“ಓದ್ಸಿದ್ದು ಸಾಕು ಕಣ್ರವ್ವ. ಊರೊಳ್ಗೆ ನಾನು ತಲೆ ಎತ್ಕಂಡು ಓಡಾಡದ್ ಬ್ಯಾಡ್ವಾ?” ಎಂದರು ಅವಳ ಅಪ್ಪ.

“ತಪ್ಪು ಅವಳದೇ ಅಂತ ನಾನು ಹೇಳಲಿಲ್ಲ, ಗೌಡ್ರೇ.”

“ಅವಳ್ದಲ್ಲ ಅಂತ್ಲೂ ಯೇಳ್ಲಿಲ್ವಲ್ಲ.”

ಮಿಸ್ ಕೈ ಮುಗಿದರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಒಂದೇ ಮಾತು ಸಾಕಿತ್ತು.

ಪಬ್ಲಿಕ್ ಪರೀಕ್ಷೆಯ ಮೊದಲ ದಿನ ಮಿಸ್ ಅವಳ ಹಾಲ್ ಟಿಕೆಟ್ ಹಿಡಿದು ಗೇಟಿನಲ್ಲಿ ಕಾಯುತ್ತಿದ್ದರು. ಬೆಲ್ಲು ಹೊಡೆಯಿತು. ದೂರದಲ್ಲಿ ಆಟೋ ಕಂಡಾಗಲೆಲ್ಲ ರಸ್ತೆಗೆ ಓಡುತ್ತಿದ್ದರು. ಗೇಟು ಹಾಕಿದ ಮೇಲೂ ಸರಳು ಹಿಡಿದು ನಿಂತೇ ಇದ್ದರು. ನಾನು ಕಿಟಕಿಯ ಪಕ್ಕ ಕೂತು ಉತ್ತರ ಬರೆಯುತ್ತಿದ್ದೆ. ಕನ್ನಡದಲ್ಲಿ ಶಾಲೆಗೇ ಮೊದಲು ಬಂದೆ.

ಆಮೇಲೆ ಪ್ರತಿ ವರ್ಷ ಮಿಸ್ ಖಾಸಗಿಯಾಗಿ ಪರೀಕ್ಷೆ ಕಟ್ಟುವ ಅರ್ಜಿ ತುಂಬಿಸಿಕೊಂಡು ಆ ಮನೆಗೆ ಹೋಗುತ್ತಿದ್ದರಂತೆ. ಅವಳಿಗೆ ಮದುವೆಯಾಗುವವರೆಗೂ.

ನಾನು ಕಾಲೇಜಿನಲ್ಲಿದ್ದಾಗ ಹಾಸನದ ಬಸ್ ಸ್ಟಾಂಡಿನಲ್ಲಿ ಮಿಸ್ ಸಿಕ್ಕಿದರು. ತೀರಾ ಸೊರಗಿದ್ದರು. ನನ್ನ ಮಾರ್ಕ್ಸ್ ಕೇಳಲಿಲ್ಲ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

“ಆ ಚೀಟಿ ಯಾರದ್ದೇ? ಅವಳದ್ದೇ ಅಂತ ಒಂದು ಸಲ ಹೇಳಿಬಿಡು ತಾಯಿ, ನಾನು ಮಲಗಿ ನಿದ್ದೆ ಮಾಡ್ತೀನಿ. ಅವಳದ್ದಲ್ಲ ಅಂದ್ರೆ ಅದನ್ನೂ ಹೇಳು. ಸಮ ಮಾಡಿ ಕೈ ತೊಳಕೊಂಡೆ ಕಣೇ ನಾನು.”

“ಗೊತ್ತಿಲ್ಲ ಮಿಸ್,” ಅಂದೆ.

ಅವರು ಕೈ ಬಿಡಲಿಲ್ಲ. ಸುತ್ತ ಜನ ನೋಡುತ್ತಿದ್ದರು. ನಾನೇ ಬಿಡಿಸಿಕೊಂಡು ಬಸ್ಸು ಹತ್ತಿದೆ...

ಮಿಸ್ ತೀರಿಕೊಂಡು ಮೂರು ವರ್ಷವಾಯಿತು. ಸುದ್ದಿ ಗೊತ್ತಾಗಿಯೂ ನಾನು ಹೊಳೆನರಸೀಪುರಕ್ಕೆ ಹೋಗಲಿಲ್ಲ.

ಹೋದ ವಾರ ಆ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ದುದ್ದದ ಬಸ್ಸು ಹತ್ತಿದೆ. ಗೆಳತಿ ಅಲ್ಲಿಯೇ ಗಂಡನ ಮನೆಯಲ್ಲಿದ್ದಾಳೆ. ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ನನ್ನನ್ನು ಗುರುತಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ.

“ಗೊತ್ತಿತ್ತು ಕಣೆ. ನಿನ್ ಕೈಯಿಂದ ಜಾರಿದ್ದ ನಾನೇ ನೋಡಿದ್ದೆ.”

“ಮತ್ತೆ ಮಿಸ್‌ಗೆ ಯಾಕೆ ಹೇಳಲಿಲ್ಲ?”

“ನಾನ್ ಯೇಳಿದ್ರೆ ಯಾರ್ ನಂಬ್ತಿದ್ರು? ನೀನೇ ಯೇಳ್ತೀಯ ಅಂತ ಕಾಯ್ತಿದ್ದೆ.” ಮತ್ತೆ ಹುಲ್ಲಿನ ಕಂತೆ ಎತ್ತಿಕೊಂಡು ಕೇಳಿದಳು: “ಅಪ್ಪನೂ ತೀರ್ಕಂಡ್ರು, ಮಿಸ್ಸೂ ತೀರ್ಕಂಡ್ರು. ಈಗ ಬಂದು ಯಾರಿಗ್ ಯೇಳ್ತಿದ್ದೀಯೆ?”