ಗೋಡೆಯಾಚೆಯ ಬೀಗಿತ್ತಿ

ಪಕ್ಕದ ಮನೆಯ ಆಂಟಿಯ ಮುಂಗೈ ಮೇಲೆ ಯಾವಾಗಲೂ ಒಂದೆರಡು ಮೀನಿನ ಹುರುಪೆ ಅಂಟಿಕೊಂಡು ಬಿಸಿಲಿಗೆ ಮಿನುಗುತ್ತಿದ್ದವು. ಮಲೇಶಿಯಾದ ಸುಬಾಂಗ್ ಜಯಾದಲ್ಲಿ ನಮ್ಮ ಸಾಲುಮನೆಗಳ ನಡುವೆ ಎದೆಮಟ್ಟದ ಗೋಡೆ. ಆಚೆ ಅವರು ಮೀನಿನ ಉಂಡೆ ಕಟ್ಟುತ್ತಿದ್ದರು, ಈಚೆ ನಾನು ಬಟ್ಟೆ ಹರವುತ್ತಿದ್ದೆ. ನಾವು ಮೀನು ತಿನ್ನದವರೆಂದು ಗೊತ್ತಾದ ಮೇಲೆ, ಗೋಡೆಯ ಬಳಿ ಬರುವ ಮೊದಲು ನಿಂಬೆಹಣ್ಣು ತಿಕ್ಕಿ ಕೈ ತೊಳೆಯುವರು. ಹುರುಪೆ ಮಾತ್ರ ಹೋಗುತ್ತಿರಲಿಲ್ಲ. ಇಂಗ್ಲಿಷು, ಮಲಯ್ ಕಲಸಿದ ಅವರ ಮಾತು ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಕೂತಿದೆ, ಮಾತಿನ ಕೊನೆಗೆ ಅಂಟಿಸುತ್ತಿದ್ದ ‘ಲಾ’ ಒಂದನ್ನು ಬಿಟ್ಟು.

ಬಾಯಿ ಜೋರು. ಸೊಸೆ ಅನ್ನ ಮೆತ್ತಗೆ ಮಾಡಿದರೂ ತಪ್ಪು, ಉದುರುದುರಾಗಿ ಮಾಡಿದರೂ ತಪ್ಪು. ಆ ಸೊಸೆ ಅನಾಥಾಶ್ರಮದಲ್ಲಿ ಬೆಳೆದವಳು. ಚೀನೀ ಹೊಸವರ್ಷದ ಎರಡನೆಯ ದಿನ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಹೋದರೆ, ಅವಳು ಪಾತ್ರೆ ತೊಳೆಯುತ್ತ ಮನೆಯಲ್ಲೇ ಇರುತ್ತಿದ್ದಳು. ಅತ್ತೆಯ ಬಾಯಿಗೆ ಸಿಕ್ಕ ದಿನ ನಮ್ಮ ಅಡುಗೆಮನೆಗೆ ಬಂದು, ಕಾಫಿ ಕುಡಿದು, ಕಣ್ಣೊರೆಸಿಕೊಂಡು ಹೋಗುವಳು. ಆಂಟಿಗೆ ಇದು ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಮೊಮ್ಮಗಳಿಗೆ ಹದಿನೈದಾದ ವರ್ಷ ಆಂಟಿ ಒಂದು ಬೆಳಿಗ್ಗೆ ಗೋಡೆ ಬಿಟ್ಟು ಗೇಟಿನಿಂದಲೇ ಬಂದರು. ಅವರು ತಿಯೋಚ್ಯೂ ಚೀನೀಯರು. ಅವರಲ್ಲಿ ಮಕ್ಕಳೆಲ್ಲ ಒಬ್ಬ ದೇವಿಯ ಹೂದೋಟದಲ್ಲಿ ಬೆಳೆಯುತ್ತಾರಂತೆ. ಹದಿನೈದಕ್ಕೆ ಹೂವಿನ ನೀರಿನಲ್ಲಿ ಮಿಂದು, ಹೊಸ ಬಟ್ಟೆ ತೊಟ್ಟು, ಕೆಂಪು ಮರದ ಚಪ್ಪಲಿ ಮೆಟ್ಟಿ ತೋಟದಿಂದ ಹೊರಗೆ ಕಾಲಿಡಬೇಕು. ಬಟ್ಟೆ, ಚಪ್ಪಲಿ ಎರಡೂ ತಾಯಿಯ ತವರಿನಿಂದಲೇ ಬರಬೇಕು.

“ನಾನೇ ಕೊಂಡುಬಿಡಬಹುದು. ಆದ್ರೆ ನಾನು ಅಪ್ಪನ ಕಡೆಯವಳು ಲಾ. ನೀನು ತಾ.”

“ನಾನು ಅವಳಿಗೆ ಏನಾಗಬೇಕು ಆಂಟಿ?”

“ನನ್ನ ಮೇಲೆ ದೂರು ಹೇಳೋಕೆ ನನ್ನ ಸೊಸೆ ಎಲ್ಲಿಗೆ ಬರ್ತಾಳೆ? ನಿನ್ನ ಅಡುಗೆಮನೆಗೆ. ನಾನೂ ಸೊಸೆಯಾಗಿದ್ದವಳೇ. ದೂರು ಹೇಳೋ ಮನೆನೇ ತವರು.”

ನನ್ನ ಮುಖ ಬಿಸಿಯಾಯಿತು. ಒಪ್ಪಿಕೊಂಡೆ.

ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕೆಂಪು ರೇಷ್ಮೆಯ ಉಡುಪು, ಬಳೆ ಕೊಂಡೆ. ಚಪ್ಪಲಿ ಚೀನೀ ಪೂಜೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಹರಿವಾಣ ಜೋಡಿಸುವಾಗ ಕೈ ತಡೆಯಿತು. “ಅರಿಶಿನ ಕುಂಕುಮದ ಪಕ್ಕ ಚಪ್ಪಲಿ ಇಡ್ತೀಯೇನೇ?” ಎಂದರು ನಮ್ಮ ಯಜಮಾನರು. ಅದನ್ನು ಬೇರೆ ಚೀಲದಲ್ಲಿ ಒಯ್ದು, ಆಂಟಿಯ ಬಾಗಿಲಲ್ಲಿ ಎಲ್ಲರ ಚಪ್ಪಲಿಗಳ ಜೊತೆ ಬಿಟ್ಟು, ಹರಿವಾಣ ಹಿಡಿದು ಒಳಗೆ ಹೋದೆ.

ಮಿಂದು ಬಂದ ಹುಡುಗಿ ಬರಿಗಾಲಲ್ಲಿ ನಿಂತಿದ್ದಳು. ಹರಿವಾಣ ನೋಡಿದ ಸೊಸೆಯ ಮುಖ ಬಾಡಿತು. ತವರಿನ ಚಪ್ಪಲಿ ಬರಲೇ ಇಲ್ಲವೆಂದುಕೊಂಡಳು.

“ಹೊರಗಿದೆ,” ಎಂದೆ. “ನಾವು ಚಪ್ಪಲಿ ಒಳಗೆ ತರಲ್ಲ.”

ಇನ್ನು ಮಂಗಳಾರತಿ ಎಂದುಕೊಂಡೆ. ಆಂಟಿ ಹೊರಗೆ ಹೋದರು. ಚೀಲ ತಂದು, ಚಪ್ಪಲಿಯನ್ನು ತಮ್ಮ ಹೊಸ ಅಂಗಿಯ ಅಂಚಿನಿಂದ ಒರೆಸಿ, ತಮ್ಮದೇ ತಟ್ಟೆಗೆ ಕೆಂಪು ಕಾಗದ ಹಾಸಿ ಇಟ್ಟರು. “ಆ ತಟ್ಟೆ ನಿನ್ನ ದೇವರಿಗೆ ಸರಿಹೋಗೋ ಹಾಗೇ ಇರಲಿ ಲಾ. ಇದು ನಮ್ಮದು. ಎರಡನ್ನೂ ನೀನೇ ಕೊಡು.”

ಕೊಟ್ಟೆ. ಸೊಸೆ ಅವತ್ತು ಅತ್ತೆಯ ಎದುರಿಗೇ ಅತ್ತಳು. ನಮ್ಮಲ್ಲಿ ಗಂಡು ಹೆಣ್ಣಿನ ಕಡೆಯವರು ಪರಸ್ಪರ ಏನೆಂದು ಕರೆಯುತ್ತಾರೆ ಎಂದು ಆಂಟಿ ಕೇಳಿ ತಿಳಿದುಕೊಂಡರು. ಆಮೇಲೆ ಗೋಡೆಯಾಚೆಯಿಂದ ನನ್ನನ್ನು ಕರೆಯುತ್ತಿದ್ದದ್ದೇ “ಬೀಗಿತ್ತಿ” ಎಂದು. ಹೊಸವರ್ಷದ ಎರಡನೆಯ ದಿನ ಸೊಸೆಯ ಕೈಗೆ ಕಿತ್ತಳೆ ಕೊಟ್ಟು, “ಗೋಡೆ ಮೇಲಿಂದ ಕೊಡಬೇಡ. ತವರಿಗೆ ಗೇಟಿನಿಂದ ಹೋಗು” ಎಂದು ಕಳಿಸುತ್ತಿದ್ದರು.

ಕಳೆದ ವರ್ಷದ ಕೊನೆಗೆ ಆಂಟಿ ತೀರಿಕೊಂಡರು. ಸಾವಾದ ಮನೆಯವರು ಆ ಹೊಸವರ್ಷಕ್ಕೆ ಬೇರೆಯವರ ಮನೆಗೆ ಹೋಗುವ ಹಾಗಿಲ್ಲ. ಹಾಗಾಗಿ ನಾನು ಸೊಸೆಗಾಗಿ ಕಾಯಲಿಲ್ಲ. ಎರಡನೆಯ ದಿನ ಗೇಟು ಸದ್ದಾಯಿತು. ಕಪ್ಪು ಬಟ್ಟೆಯಲ್ಲಿ ಸೊಸೆ, ಕೈಯಲ್ಲಿ ಕಿತ್ತಳೆ.

“ಅತ್ತೆ ಆಸ್ಪತ್ರೆಯಲ್ಲೇ ಹೇಳಿದ್ರು, ತವರು ಬೇರೆಯವರ ಮನೆ ಅಲ್ಲ ಅಂತ.”

ಅಮ್ಮ ಹೋದ ಮೇಲೆ ನನಗೂ ತವರಿರಲಿಲ್ಲ. ಆಂಟಿ ನನ್ನ ಮನೆಯನ್ನೇ ಒಬ್ಬಳ ತವರು ಮಾಡಿ ಹೋದರು. ಆ ಋಣ ದೊಡ್ಡದು. ಕಾಫಿ ಕೊಟ್ಟೆ. ಅಡುಗೆಮನೆಯ ಅದೇ ಸ್ಟೂಲಿನ ಮೇಲೆ ಕೂತು ಅವಳು ಅತ್ತೆಯ ಮೇಲೆ ದೂರು ಹೇಳಿದಳು.

“ನಿನ್ನೆ ಅನ್ನ ಮೆತ್ತಗಾಯ್ತು. ಬೈಯೋರೇ ಇಲ್ಲ.”